ಹೊಗೆ ಬಾಗಿದ ಕಡೆ

ತಿಕೋಟಾ ರಸ್ತೆಯ ಕೋಲ್ಡ್ ಸ್ಟೋರೇಜಿನಲ್ಲಿ
ಲೆಕ್ಕ ಬರೆಯುವವಳು ನಾನು.
ಒಣದ್ರಾಕ್ಷಿಯ ಬಾಕ್ಸು ಎಷ್ಟು ಬಂದವು, ಎಷ್ಟು ಹೋದವು,
ಯಾರದು ಹಸಿರು, ಯಾರದು ಕರಿ, ಯಾರ ಬಾಡಿಗೆ ಬಾಕಿ.
ಪ್ರತಿ ತಿಂಗಳ ಕೊನೆಗೆ
ಪೆನ್ನು ತಡೆದು ನಿಲ್ಲುವುದು ಒಂದೇ ಸಾಲಿನಲ್ಲಿ:
ಕರೆಂಟಿನ ಬಿಲ್ಲು.

ಏಪ್ರಿಲ್. ಹೊರಗೆ ನಲವತ್ತೆರಡು.
ಒಳಗೆ ನಾಲ್ಕಿರಬೇಕಾದ್ದು
ಒಂಬತ್ತರ ಕೆಳಗೆ ಇಳಿಯಲೊಲ್ಲದು.
ಗುರಲಿಂಗ ಸಾಹುಕಾರರು ಟೋಪಿ ತೆಗೆದು ಗಾಳಿ ಬೀಸಿಕೊಳ್ಳುತ್ತ
‘ಇನ್ನೊಂದು ಮಷೀನ ತರಸೂಣು, ಇದಕ್ಕಿಂತ ದೊಡ್ಡದು’ ಎಂದರು.
ಕೊಟೇಶನ್ ನನ್ನ ಮೇಜಿನ ಮೇಲೇ ಇತ್ತು,
ಸೊನ್ನೆಗಳು ಗೊಂಚಲುಗೊಂಚಲು.

ಅವತ್ತೇ ಬಂದ ಬಂದಗಿಸಾಬ ಅವಟಿ,
ಹಳೆಯ ಲೂನಾ ಗೋಡೆಗೆ ಒರಗಿಸಿ.
ಮಷೀನಿನ ಹತ್ತಿರ ಹೋಗಲೇ ಇಲ್ಲ.
ಕೋಣೆಯ ಬಾಗಿಲ ಮುಂದೆ ನಿಂತ,
ಹೆಣ್ಣು ನೋಡಲು ಬಂದ ಬೀಗರ ಹಾಗೆ ಮೇಲೆ ಕೆಳಗೆ ನೋಡಿದ.
‘ಅಕ್ಕಾರ, ಒಂದ ಊದಿನಕಡ್ಡಿ ಕೊಡ್ರಿ.’

ದೇವರ ಫೋಟೋದ ಮುಂದಿನದನ್ನೇ ಕಿತ್ತು ಕೊಟ್ಟೆ,
ಅರ್ಧ ಉರಿದದ್ದು.
ಬಾಗಿಲ ಮೇಲಂಚಿಗೆ ಹಿಡಿದ,
ಹೊಗೆ ಬಾಗಿ ಸರಕ್ಕನೆ ಒಳಗೆ ಹೋಯಿತು.
ಕೆಳಗೆ ತಂದ,
ಹೊಗೆ ಹೊರಕ್ಕೆ ಓಡಿ ಅವನ ಚಪ್ಪಲಿ ದಾಟಿ ಚದುರಿತು.
ರಬ್ಬರ್ ಪಟ್ಟಿ ಸತ್ತು ಎಷ್ಟು ವರ್ಷವಾಗಿತ್ತೋ.

‘ನೋಡ್ರಿ, ಥಂಡಿ ಅನ್ನೂದು ತಯಾರಾಗೂ ಮಾಲಲ್ಲ.
ಒಳಗಿನ ಕಾವು ಹೊತ್ತು ಹೊರಗ ಒಗೀಬೇಕು, ಅಷ್ಟ.
ಮಷೀನಂದ್ರ ಒಬ್ಬ ಹಮಾಲ.
ಅಂವ ಹೊರಗ ಇಟ್ಟ ಚೀಲ
ನೀವು ಈ ಸಂದ್ಯಾಗಿಂದ ತಿರುಗಿ ಒಳಗ ನೂಕಾಕತ್ತೀರಿ.
ಇನ್ನೊಬ್ಬ ಹಮಾಲನ್ನ ಇಟ್ರ
ಇಬ್ಬರಿಗೂ ಪಗಾರ. ಚೀಲ ಮಾತ್ರ ಅಲ್ಲೇ.’

ಹಿಂದೆ ಹೋದೆವು.
ಪಡುವಣ ಬಿಸಿಲಿಗೆ ಮುಖಮಾಡಿ, ತಗಡಿನ ಮೂಲೆಯಲ್ಲಿ
ಕಂಡೆನ್ಸರು ಏದುತ್ತಿತ್ತು.
ಬಿಟ್ಟ ಬಿಸಿಯುಸಿರು ಗೋಡೆಗೆ ಬಡಿದು
ಮತ್ತೆ ತನ್ನ ಮೂಗಿಗೇ.
ತಣ್ಣನೆಯ ಕೊಳವೆಯ ಹೊದಿಕೆ ಹರಿದು
ಬೆವರು ತೊಟ್ಟಿಕ್ಕುತ್ತಿತ್ತು.
ಹನಿ ಬೀಳುವಲ್ಲಿ ಯಾರೋ ತುಳಸಿ ಊರಿದ್ದರು,
ಆ ಬೇಸಿಗೆಯಲ್ಲೂ ಎದೆಮಟ್ಟ ಬೆಳೆದಿತ್ತು.
‘ಈ ತುಳಸಿಗೆ ನೀರ ಹಾಕಾಕ
ತಿಂಗಳಿಗೆ ಎಷ್ಟ ಸಾವಿರ ಕಟ್ಟತೀರಿ ಸಾವಕಾರ್ರ?’

ಸಾಹುಕಾರರು ನಗಲಿಲ್ಲ. ನಾನು ನಕ್ಕೆ.

ನಾಲ್ಕು ದಿನ ಕೆಲಸ.
ಬಾಗಿಲಿಗೆ ಹೊಸ ರಬ್ಬರು, ಅದರ ಮುಂದೆ ಪಟ್ಟಿಪಟ್ಟಿ ಪರದೆ,
ಕೊಳವೆಗೆ ದಪ್ಪ ಅಂಗಿ,
ಕಂಡೆನ್ಸರನ್ನು ಉತ್ತರದ ನೆರಳಿಗೆ ಸರಿಸಿ
ಉಸಿರಾಡಲು ಮೂರು ಮೊಳ ಜಾಗ.
ಚೌಕಟ್ಟಿನ ಮೇಲೆ ಸೀಮೆಸುಣ್ಣದಿಂದ ತಾನೇ ಬರೆದ:
‘ಬಾಗಲಾ ತಗದು ಮಾತಾಡಬ್ಯಾಡ್ರಿ.’
ಅವನ ಕೂಲಿಯನ್ನು ಮಾತ್ರ ಸಾಹುಕಾರರು
ಮೂರು ಕಂತಿನಲ್ಲಿ ಕೊಟ್ಟರು.

ಐದನೆಯ ದಿನ ಮಧ್ಯಾಹ್ನ
ಮಷೀನು ತಟ್ಟನೆ ಸುಮ್ಮನಾಯಿತು.
ಕೆಟ್ಟಿತೆಂದು ಎಲ್ಲರೂ ಎದ್ದು ಓಡಿದೆವು.
ಮೀಟರಿನಲ್ಲಿ ನಾಲ್ಕು.
ಹನ್ನೊಂದು ವರ್ಷ ಇಲ್ಲಿ ಕೂತಿದ್ದೇನೆ,
ಬೇವಿನ ಮರದಲ್ಲಿ ಹಕ್ಕಿಗಳಿವೆ ಎಂದು
ಗೊತ್ತಾದದ್ದು ಅವತ್ತು.

ಬಿಲ್ಲು ಬಂತು. ಎರಡು ಸಲ ಕೂಡಿಸಿದೆ.
ಮೂರರಲ್ಲೊಂದು ಪಾಲು ಇರಲೇ ಇಲ್ಲ.
ಕೊಟೇಶನ್ನಿನ ಹಿಂಬದಿ ಖಾಲಿಯಿತ್ತು,
ಅದರ ಮೇಲೇ ಲೆಕ್ಕ ಹಾಕಿದ್ದೆ.

ಡಿಸೆಂಬರಿನ ಮುಂಜಾನೆ, ಲಾರಿ ಬರುವ ಮುಂಚೆ,
ಹಮಾಲರು ಹಿಂದೆ ಹೋಗಿ ಆ ಬಿಸಿಗಾಳಿಗೆ
ಅಂಗೈ ಒಡ್ಡಿ ನಿಲ್ಲುವುದು ಮೊದಲಿನಿಂದಲೂ ರೂಢಿ.
ದ್ರಾಕ್ಷಿಯಿಂದ ತೆಗೆದ ಕಾವು
ಅವರ ಬೆರಳ ಗಂಟುಗಳಿಗೆ.

ಶರಣಪ್ಪ ಕೈ ಉಜ್ಜುತ್ತ ನನ್ನ ಕಿಟಕಿಗೆ ಬಂದ.
‘ಅಕ್ಕಾರ, ಈ ವರ್ಷ ಕಾವು ಭಾಳ ಕಡಿಮಿ ಆಗೇತ್ರಿ.
ಮಷೀನ ಹತ್ತೂದ ಅಪರೂಪ.
ಆ ಸಾಬ ಏನೋ ಕೆಡಿಸಿ ಹೋಗ್ಯಾನ ನೋಡ್ರಿ.’

ಬಂದಗಿಸಾಬನ ಕೆಲಸಕ್ಕೆ
ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾರು ಕೊಟ್ಟಾರು?
ಆದರೂ ಅವನ ಬೆರಳು ಒಡೆದಿದ್ದವು.

ಕರೆಂಟಿನ ಸಾಲಿನ ಕೆಳಗೆ
ಒಂದು ಹೊಸ ಸಾಲು ಎಳೆದೆ:
ಹಮಾಲರ ಚಹಾ, ಮುಂಜಾನೆ, ಎಂಟು ಕಪ್ಪು.
ಸಾಹುಕಾರರು ಇನ್ನೂ ನೋಡಿಲ್ಲ.