ಸೊನ್ನೆ ಸೊನ್ನೆಯಲ್ಲಿ ಲಮಾರಾ

ಫೋನು ರಿಯೋನಿ ಹೊಳೆಯ ಪಾಲಾದ ಮರುದಿನ
ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡೇ ಕೂಗಿದಳು ಲಮಾರಾ:
'ಶೋತಿ ರೊಟ್ಟಿಯ ಆರ್ಡರೆಲ್ಲ ಆ ಆ್ಯಪಿನೊಳಗಿದೆ ಮಾರಾಯ,
ಹೇಗಾದರೂ ತೆಗೆ.'

ಅವಳಂಗಡಿಯ ಮೂಲೆಯಲ್ಲಿ ಶಾಲೆಯವರು ಎಸೆದ ಕಂಪ್ಯೂಟರು,
ಲಿನಕ್ಸ್ ಹಾಕಿಕೊಟ್ಟವನು ನಾನೇ. ಫ್ಯಾನು ಗೊರಕೆ ಹೊಡೆಯುತ್ತದೆ.
ಮೂರು ಸಲ ಮುಗ್ಗರಿಸಿ ನಾಲ್ಕನೆಯದಕ್ಕೆ
ಪರಕಾಯ ಪ್ರವೇಶ:
ಅಗಲ ಪರದೆಯ ನಡುವೆ ಗೇಣುದ್ದದ ಫೋನು,
ಗೋಡೆಯಲ್ಲಿ ದೀಪದ ಗೂಡಿನ ಹಾಗೆ.

ಪಾಪ, ಮೈ ಬದಲಾದದ್ದು ಅದಕ್ಕೆ ಗೊತ್ತಿಲ್ಲ.
'ಹೊಸ ಆರ್ಡರಿಗೆ ಫೋನು ಅಲುಗಾಡಿಸಿ' ಎಂದಿತು.
ಲಮಾರಾ ಎರಡೂ ತೋಳಲ್ಲಿ ಪೆಟ್ಟಿಗೆಯನ್ನು ತಬ್ಬಿ
ಅಲುಗಾಡಿಸಿಯೇ ಬಿಟ್ಟಳು!
ಧೂಳು ಉದುರಿತು, ಒಂದು ಸ್ಕ್ರೂ ಉದುರಿತು.

'ಬೆರಳಿಡಿ' ಎಂದಿತು.
ಗಾಜಿನ ಮೇಲೆ ಈಗಲೂ ಇದೆ ಹಿಟ್ಟಿನ ಹೆಬ್ಬೆಟ್ಟು.

ನಕ್ಷೆ ತೆರೆದರೆ ಕುತೈಸಿ ಎಲ್ಲಿ, ನಮ್ಮ ಬೀದಿ ಎಲ್ಲಿ—
ಅಕ್ಷಾಂಶ ಸೊನ್ನೆ, ರೇಖಾಂಶ ಸೊನ್ನೆ.
ಆಫ್ರಿಕದ ಬಗಲಿಗೆ, ನಡುಗಡಲಲ್ಲಿ
ಅವಳ ಬೇಕರಿಯ ನೀಲಿ ಚುಕ್ಕೆ ತೇಲುತ್ತಿತ್ತು.

ಅಂಕಿ ಕುಟ್ಟಿ ಸರಿಮಾಡಲು ಹೋದೆ.
ಕೈ ಹಿಡಿದಳು: 'ತಡಿ ಜ್ವಿಯಾದ್.
ನಲವತ್ತೊಂದು ವರ್ಷ ಈ ಒಲೆಯ ಬಾಯಿ ಬಿಟ್ಟು
ಎಲ್ಲಿಗೂ ಹೋದವಳಲ್ಲ.
ಚಹಾ ಮುಗಿಯುವ ತನಕ ಅಲ್ಲೇ ಇರುತ್ತೇನೆ.'

ಕುಡಿದೆವು. ಅವಳು ತುಂಬಾ ನಿಧಾನ ಕುಡಿದಳು.
ಪರದೆಯ ತುದಿಯಲ್ಲಿ, ಬ್ಯಾಟರಿಯೇ ಇಲ್ಲದ ಪೆಟ್ಟಿಗೆಯ ಬ್ಯಾಟರಿ
ನೂರಕ್ಕೆ ನೂರು.

ಆಮೇಲೆ ಲೋಟ ತೊಳೆದು ಬೋರಲು ಹಾಕಿ
ಅವಳೇ ಅಂದಳು:
'ಹ್ಞೂಂ, ಈಗ ದಡಕ್ಕೆ ಎಳೆ.
ಹಿಟ್ಟು ಹುಳಿಯುತ್ತಿದೆ.'