ಇಲ್ಲದ ತಿರುವು

ಬಾಗೇಪಲ್ಲಿಯಿಂದ ಬಡಗಣಕ್ಕೆ, ಡಾಂಬರು ಮುಗಿದು
ಜೀಪು ಸೋತಲ್ಲಿ ಇಳಿದು ಮೂರು ದಿನ.
ಮೇಲೆ ಚಪ್ಪಟೆ ಬಂಡೆ, ಕಾದ ಹೆಂಚಿನ ಬಿಸಿ;
ಅಂಚಿಗೆ ಹೋದರೆ ನೆಲ ಥಟ್ಟನೆ ಮಾತು ನಿಲ್ಲಿಸುತ್ತದೆ.
ಕೆಳಗೆಲ್ಲೋ ಬಂದರಿಕೆ ಪೊದೆ, ಒಂದು ಹಳ್ಳದ ಸದ್ದು.

ಹಳೆಯ ಹಾಳೆ ಬಿಚ್ಚಿ ನಾಲ್ಕು ಮೂಲೆಗೂ ಕಲ್ಲಿಟ್ಟೆ.
ಐವತ್ತಡಿಗೊಂದು ಕಂದು ಗೆರೆ,
ಗೆರೆಗೆ ಗೆರೆ ಒತ್ತಿಕೊಂಡಲ್ಲಿ ಪ್ರಪಾತ.
ಎರಡು ಗೆರೆಗಳ ನಡುವೆ ಏನು ಬೇಕಾದರೂ ಇರಬಹುದು:
ಶಿವರಾತ್ರಿ ಕಳೆದರೂ ಬತ್ತದ ದೊಣೆ, ಹಾವು ಬಿಟ್ಟ ಪೊರೆ,
ಆಳೆತ್ತರದ ಗುಂಡು, ಅದರ ನೆರಳಲ್ಲಿ ಬುತ್ತಿ ಬಿಚ್ಚುತ್ತಿರುವ
ಗಂಗುಲಪ್ಪ.

ಸ್ಟಾಫು ಹಿಡಿಯುವವ ಅವನು. ಗಾಳಿಗೂ ಕದಲದೆ ನಿಲ್ಲುತ್ತಾನೆ,
ಬಾಯಲ್ಲಿನ ಬೀಡಿ ಮಾತ್ರ ಕದಲುತ್ತದೆ.
ಗುಡ್ಡದ ಹೆಸರೇನು ಅಂದರೆ
'ಈ ಕಡೆಯೋರಿಗೆ ಹದ್ದಿನಬಂಡೆ, ಆ ಕಡೆಯೋರಿಗೆ ಗದ್ದಲಕೊಂಡ.'
ಇಷ್ಟು ಮೌನದಲ್ಲಿ ಯಾವ ಗದ್ದಲ ಎಂದೆ.
ನಕ್ಕ. 'ತೆಲುಗಲ್ಲಿ ಗದ್ದ ಅಂದ್ರೂ ಹದ್ದೇ.
ನೀವು ಯಾವ ಕಡೆ ಕೂತು ಬರೀತಿದ್ದೀರ ಮೇಡಂ?'

ನಾಲ್ಕನೆಯ ದಿನ ಹಗ್ಗ ಕಟ್ಟಿ ಕಮರಿಗಿಳಿದೆವು.
ಹಾಳೆಯಲ್ಲಿ ಹಳ್ಳ ಎಡಕ್ಕೆ ಹೊರಳಿ, ಕುಡುಗೋಲಿನಂತೆ ಬಾಗಿ
ಮತ್ತೆ ಬಲಕ್ಕೆ ಬರುತ್ತದೆ.
ನೆಲದಲ್ಲಿ ಅದು ನೇರ. ಎರಡೂ ಬದಿ ಗೋಡೆಯಂಥ ಬಂಡೆ,
ತಿರುಗಬೇಕೆಂದರೂ ಜಾಗವಿಲ್ಲ.
ಉಪಗ್ರಹವನ್ನು ಎರಡು ಸಲ ಕೇಳಿದೆ. ನೇರ.

ಗಂಗುಲಪ್ಪ ನೀರಲ್ಲಿ ಕಾಲಿಟ್ಟು ಕೂತ.
'ನಮ್ಮಜ್ಜ ಸರಪಳಿ ಹೊತ್ತೋನು.
ಆಗಿನ ಸಾಹೇಬ್ರು ಇಳೀಲಿಲ್ಲ, ಕಾಲು ಉಳುಕಿತ್ತು,
ಮೇಲೆ ಕೊಡೆ ಕೆಳಗೆ ಕೂತು ಕೂಗಿ ಕೇಳೋರಂತೆ.
ಅಜ್ಜ ಇಲ್ಲಿಂದ ಕೂಗಿದ್ದು ಅದು.'
ಸುಳ್ಳು ಯಾಕೆ?
'ಏನೋ ಇತ್ತು. ಜೇನೋ, ಭಟ್ಟಿಯೋ,
ಓಡಿಬಂದು ಅವಿತ ಯಾರೋ. ನಮಗೂ ಹೇಳಲಿಲ್ಲ.
ಕೇಳಿದ್ರೆ ಎಲೆಗೆ ಸುಣ್ಣ ಹಚ್ತಿದ್ದ.'

ಎಪ್ಪತ್ತು ವರ್ಷ, ಮೂರು ಮುದ್ರಣ.
ಅರಣ್ಯದವರು, ಗಣಿಯವರು, ಒಮ್ಮೆ ಪೊಲೀಸರೂ
ಆ ತಿರುವನ್ನು ಹುಡುಕಿಕೊಂಡು ಬಂದು
ಬರೀ ಬಂಡೆ ಮುಟ್ಟಿ ಹಿಂದಿರುಗಿರಬೇಕು.

ರಾತ್ರಿ ಟೆಂಟಿನಲ್ಲಿ ಸರಿಪಡಿಸಿದೆ. ಕೆಲಸ ಅದು.
ನೀಲಿ ಗೆರೆ ಈಗ ನೆಟ್ಟಗಿದೆ.
ಷರಾದಲ್ಲಿ 'ಹಿಂದಿನ ಅಳತೆಯಲ್ಲಿ ದೋಷ' ಎಂದು ಬರೆದು,
ದೋಷ ಹೊಡೆದುಹಾಕಿ, ಬೇರೆ ಪದ ಸಿಗದೆ
ಮತ್ತೆ ದೋಷ ಎಂದೇ ಬರೆದೆ.

ಹೊರಗೆ ಗಂಗುಲಪ್ಪ ಕಡಲೇಕಾಯಿ ಸುಡುತ್ತಿದ್ದ.
ನಾಳೆ ಪಕ್ಕದ ಕಮರಿ, ಅಂದೆ.
'ಅದ್ರಲ್ಲಿ ಇಳಿಯಕ್ಕಾಗಲ್ಲ ಮೇಡಂ,' ಅಂದ,
ಸ್ವಲ್ಪ ಬೇಗನೇ.