ಗಂಟೆ ಇಳಿಸಿದ ದಿನ

ವರಾಂಡದ ಕೊಕ್ಕೆಯಿಂದ ಹಿತ್ತಾಳೆ ತಟ್ಟೆ ಇಳಿಸಿದೆ.
ಹಿಂದಿನ ಗೋಡೆಯಲ್ಲಿ ಅದರಷ್ಟೇ ಗುಂಡಗೆ
ಒಂದು ಬಿಳಿ ಕಲೆ,
ಮೂವತ್ತು ವರ್ಷ ಬಿಸಿಲು ಕಾಣದ್ದು.

ಚುನಾಭಟ್ಟಿ. ಹಳಿಯ ಪಕ್ಕದ ಮೈದಾನ,
ಅರ್ಧ ಸುಣ್ಣದ ಗೆರೆ, ಅರ್ಧ ಜಲ್ಲಿ.
ರಿಬ್ಬನ್ನಿನ ಆಚೆ ನಾನು, ಶಾಲೆಯ ಸಿಪಾಯಿ,
ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಕೊಡತಿ.
ಅತ್ತ ತುದಿಗೆ ಮಹಾನಂದಾ, ಏಳನೇ ಇಯತ್ತೆ,
ಬಿಸಿಲು ನೆರಳು ಬಿಟ್ಟರೆ ಕಣ್ಣಿಗೆ ಬೇರೇನೂ ಗೊತ್ತಿಲ್ಲ.

ನಿನ್ನೆಯೇ ಹೇಳಿದ್ದಳು:
"ಭಾಳ ಜೋರು ಬಡೀಬ್ಯಾಡ್ರಿ ಅಣ್ಣಾ,
ಜೋರಾದ್ರ ದನಿ ಎಲ್ಲಾ ಕಡೆ ಹರಡ್ತದ.
ಸಣ್ಣಗ, ಬಿಡದಂಗ ಬಡೀರಿ."
ಇಷ್ಟು ವರ್ಷ ಬಡಿದವನಿಗೆ
ಬಡಿಯುವುದನ್ನು ಕಲಿಸಿದಳು.

ಸೀಟಿ. ನಾಲ್ವರು ಹೊರಟರು.
ಬಡಿದೆ. ಬಂದಳು,
ಗದ್ದ ತುಸು ಮೇಲೆತ್ತಿ, ನೇರ,
ರೊಟ್ಟಿಯ ವಾಸನೆ ಹಿಡಿದು ಒಲೆಯ ಬಳಿ ಬರುವವಳ ಹಾಗೆ.
ಅರ್ಧ ದಾರಿಗೆ
ಹಾರ್ಬರ್ ಲೋಕಲ್ ಬಂತು.

ಹನ್ನೆರಡು ಡಬ್ಬಿ.
ಕೈ ಬಡಿಯುತ್ತಲೇ ಇತ್ತು, ನನಗೇ ಕೇಳಿಸಲಿಲ್ಲ.
ಅವಳು ನಿಂತಳು.
ಉಳಿದ ಮೂವರು ರಿಬ್ಬನ್ ಹರಿದು ಆಗಲೇ ನೀರು ಕುಡಿಯುತ್ತಿದ್ದರು.
"ಮುಂದೆ!" "ಬಲಕ್ಕೆ!" "ಧಾವ್, ಧಾವ್!"
ಬಾಗೇವಾಡಿ ಸರ್ ಕೈ ಹಿಡಿಯಲು ಓಡಿದರು.
ಅವಳು ಅಂಗೈ ಚಾಚಿದಳು,
ರಸ್ತೆ ದಾಟುವವರು ಲಾರಿಗೆ ತೋರಿಸುವ ಹಾಗೆ:
ತಡೀರಿ.

ಕಡೆಯ ಡಬ್ಬಿ ದಾಟಿತು.
ಸದ್ದಿನ ಕೆಳಗಿಂದ ನನ್ನ ಸದ್ದು
ಸಣ್ಣಗೆ ಎದ್ದಿತು.
ಕಿವಿ ಒಂದಿಷ್ಟು ತಿರುಗಿಸಿ, ಮತ್ತೆ ಓಡಿ
ಸೀದಾ ನನ್ನ ಎದೆಗೇ ಬಂದಳು.
ತಟ್ಟೆಯ ಮೇಲೆ ಅವಳ ಅಂಗೈ ಬಿತ್ತು,
ನಾದ ಅಲ್ಲೇ ನಿಂತಿತು.

ಮೈಕಿನಲ್ಲಿ ನಗರಸೇವಕರು "ಛಲಗಾತಿ" ಎಂದರು,
"ವಿಶೇಷ ಬಹುಮಾನ" ಎಂದರು, ಒಂದು ಸ್ಟೀಲಿನ ಊಟದ ಡಬ್ಬಿ.
"ಎಷ್ಟ ಮಂದಿ ಓಡಿದ್ವಿ ಸರ್?"
"ನಾಲ್ಕು, ಮಗಳೇ."
"ಹಂಗಾದ್ರ ನಾಲ್ಕನೇದು ಅಂತ ಬರ್ಕೋರಿ."
ಡಬ್ಬಿಯನ್ನೇನೂ ಬಿಡಲಿಲ್ಲ.
ಚಿಲಕ ಎರಡು ಸಲ ಹಾಕಿ ತೆಗೆದು ನೋಡಿಯೇ
ಕಂಕುಳಿಗೆ ಇಟ್ಟುಕೊಂಡಳು.

ಸಂಜೆ ಸ್ಟೂಲು ಹತ್ತುವಾಗ ಹಿಂದಿನಿಂದ ದನಿ:
"ಅಣ್ಣಾ, ಅದು ಹನ್ನೊಂದು ಇಪ್ಪತ್ತರ ಗಾಡಿ.
ಬರೋ ವರ್ಷ ಅದು ಹೋದಮ್ಯಾಲ ಓಟ ಇಡ್ರಿ.
ಆಗ ನೋಡೂಣಂತ."

ಇಷ್ಟೇ ಆಗಬೇಕಿದ್ದದ್ದು.
ಯಾರೂ ವೇಳಾಪಟ್ಟಿ ನೋಡಿರಲಿಲ್ಲ.

ಮಾರ್ಚಿಗೆ ನಾನು ನಿವೃತ್ತ.
ಗೋಡೆಯ ಆ ಬಿಳಿ ಕಲೆಯೊಳಗೆ ಪೆನ್ಸಿಲಿನಿಂದ
ಗಾಡಿಯ ಸಮಯ ಬರೆದೆ,
ಮುಂದಿನ ಸಲ ಇಳಿಸುವವನಿಗೆ ಕಾಣಲೆಂದು.
ಆಮೇಲೆ ಗಂಟೆ ತೂಗುಹಾಕಿದೆ.